ಗೇಟಿನೊಳಗೇ ಓಡಿದ ಕಾರು

ಯಜಮಾನರು ಹೋದಮೇಲೆ ನಾನು ಒಂದು ದಿನವೂ ಬಿಡದೆ ಮಾಡಿದ್ದು ಒಂದೇ ಕೆಲಸ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಒಂದು ದಾಸವಾಳವನ್ನು ಅವರ ಕಾರಿನ ಬಾನೆಟ್ ಮೇಲಿಟ್ಟು, ಒಳಗೆ ಕೂತು ಸ್ಟಾರ್ಟ್ ಮಾಡುತ್ತಿದ್ದೆ. ಗೇಟು ತೆಗೆಯುತ್ತಿರಲಿಲ್ಲ. ಆ ಸದ್ದು ಸ್ವಲ್ಪ ಹೊತ್ತು ಕಿವಿಗೆ ಬಿದ್ದರೆ ಆಮೇಲೆ ಕಾಫಿ ಗಂಟಲಲ್ಲಿ ಇಳಿಯುತ್ತಿತ್ತು. ಮಹಡಿ ಮನೆಯಾಕೆ ಮಾತ್ರ ಮೇಲಿನಿಂದ, "ಆಂಟಿ, ಒಗೆದ ಬಟ್ಟೆಯೆಲ್ಲ ಬಸ್‌ಸ್ಟ್ಯಾಂಡ್ ವಾಸನೆ ಕಣ್ರೀ!" ಎಂದು ಕೂಗುತ್ತಿದ್ದಳು.

ಹೊಗೆ ತಪಾಸಣೆಯ ಸಮಯ ಬಂತು. ಅಳಿಯಂದಿರು ಕಾರನ್ನು ಒಯ್ದು, ಫೇಲ್ ಆಯಿತೆಂದು ವಾಪಸು ತಂದರು.

"ಸಾಕಮ್ಮ, ಮಾರಿಬಿಡೋಣ. ನೀನಂತೂ ಓಡಿಸಲ್ಲ" ಎಂದಳು ಮಗಳು. ಭಾನುವಾರ ಬಂದು ಕಾರು ನೋಡಲು ಕೊಳ್ಳುವವನೊಬ್ಬನನ್ನು ಒಪ್ಪಿಸಿಯೂ ಆಗಿತ್ತು.

ಲೈಸೆನ್ಸ್ ನನಗೂ ಇದೆ. ಆದರೆ ಪಕ್ಕದಲ್ಲಿ ಯಜಮಾನರು ಕೂರದೆ ನಾನೆಂದೂ ಬಸವೇಶ್ವರನಗರ ದಾಟಿದವಳಲ್ಲ. ಕಾರು ಕೊಡಲು ಮನಸ್ಸೂ ಇಲ್ಲ. ಅವರ ಕಾಲದಿಂದ ಅದನ್ನು ನೋಡಿಕೊಂಡಿದ್ದ ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್‌ಗೆ ಫೋನ್ ಮಾಡಿ ಮನೆಗೆ ಕರೆಸಿದೆ.

"ದಿನಾ ಸ್ಟಾರ್ಟ್ ಮಾಡ್ತೀನಪ್ಪ, ಆದ್ರೂ ಹಿಂಗ್ಯಾಕಾಯ್ತು?"

"ಸ್ಟಾರ್ಟ್ ಮಾಡಿ ಎಲ್ಲಿಗೆ ಹೋಗ್ತೀರಮ್ಮ?"

"ಎಲ್ಲಿಗೂ ಇಲ್ಲ."

ಅವನು ನಕ್ಕು, ಕಾರಿನಡಿ ಬಗ್ಗಿ ಹೊಗೆಕೊಳವೆಯ ನಡುವೆ ಇದ್ದ ಡಬ್ಬಿ ತೋರಿಸಿದ. ಅದು ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕಿಂಡಿಗಳು, ಅವುಗಳಿಗೆ ದುಬಾರಿ ಲೋಹದ ತೆಳು ಲೇಪ. ಎಂಜಿನ್ನಿನ ವಿಷದ ಗಾಳಿ ಅಲ್ಲಿ ಹಾದು ಹೋಗುವಾಗ ಬಹುಪಾಲು ನಿರುಪದ್ರವಿಯಾಗುತ್ತದಂತೆ. ಆದರೆ ಡಬ್ಬಿ ಚೆನ್ನಾಗಿ ಕಾದಿದ್ದರೆ ಮಾತ್ರ.

"ನೀವು ದಿನಾ ಕಾಯದ ಕಾವಲಿ ಮೇಲೆ ದೋಸೆ ಹುಯ್ದಿದೀರಮ್ಮ. ಮಸಿ ಕಟ್ಟಿರ್ಬೇಕು. ಪೂರ್ತಿ ಕೆಟ್ಟಿದ್ರೆ ಬದಲಾಯಿಸೋಣ. ಅದಕ್ಕೂ ಮುಂಚೆ ಮೈಸೂರ್ ರೋಡಲ್ಲಿ ಚೆನ್ನಾಗಿ ಓಡ್ಸಿ, ಬಿಸಿ ಇರೋವಾಗ್ಲೇ ಟೆಸ್ಟ್ ಮಾಡ್ಸೋಣ."

"ನೀನೇ ಓಡಿಸು."

"ನಾನು ಪಕ್ಕ ಕೂರ್ತೀನಿ. ಸ್ಟೇರಿಂಗ್ ನೀವು ಹಿಡೀರಿ."

ನಾಗರಬಾವಿ ಸರ್ಕಲ್ಲಿನ ನಟ್ಟನಡುವೆ ಕಾರು ನಿಂತುಬಿಟ್ಟಿತು. ಹಿಂದಿನ ಆಟೋದವನು ತಲೆ ಹೊರಹಾಕಿ, "ಏನ್ ಆಂಟಿ, ಅಲ್ಲೇ ಮನೆ ಕಟ್ಕೋತೀರಾ?" ಎಂದ.

"ಗೃಹಪ್ರವೇಶಕ್ಕೆ ನಿನ್ನೂ ಕರೀತೀವಿ, ಸ್ವಲ್ಪ ತಡಿ ಗುರು!" ಎಂದ ನಮ್ಮ ಮೆಕ್ಯಾನಿಕ್.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮತ್ತೆ ಸ್ಟಾರ್ಟ್ ಮಾಡಿದೆ.

ಕೆಂಗೇರಿ ದಾಟಿದ ಮೇಲೆ ರಸ್ತೆ ಬಿಡುವಾಯಿತು. ಗೇರ್ ಏರಿಸಿದೆ. ಸುಮಾರು ದೂರ ಯಜಮಾನರ ನೆನಪೇ ಬಂದಿರಲಿಲ್ಲ ಎಂದು ಆಮೇಲೆ ಹೊಳೆಯಿತು. ಕಾಲು ಮಾತ್ರ ಆಕ್ಸಿಲರೇಟರ್ ಬಿಡಲಿಲ್ಲ.

ವಾಪಸು ಬರುತ್ತಾ ಕೆಂಗೇರಿಯಲ್ಲೇ ತಪಾಸಣೆ ಮಾಡಿಸಿದೆವು. ಯಂತ್ರದ ಮುಂದೆ ಕೂತಿದ್ದವನು ತಲೆಯೆತ್ತದೆ "ಪಾಸ್" ಎಂದ. ಮಗಳಿಗೆ ಫೋನ್ ಮಾಡಿ, ಭಾನುವಾರ ಯಾರೂ ಬರುವುದು ಬೇಡ ಎಂದೆ.

"ಅಯ್ಯೋ, ಮತ್ತೆ ಅದನ್ನ ಯಾರಮ್ಮ ಓಡಿಸ್ತಾರೆ?"

"ಕೆಂಗೇರೀಲಿದೀನಿ ಕಣೇ. ಇಲ್ಲಿಗೇನು ನಡ್ಕೊಂಡು ಬಂದ್ನಾ?"