ಓರಗಿತ್ತಿಯ ಟ್ರೈಲರ್, ನನ್ನ ಲೆಕ್ಕ

ನನ್ನ ಓರಗಿತ್ತಿ ಜೀಪಿನ ಹಿಂದೆ ಟ್ರೈಲರ್ ಕಟ್ಟಿಕೊಂಡು, ಸೋಲೂರಿನಿಂದ ಊಟಿ ಮಂಡಿಗೆ ತಾನೇ ಕ್ಯಾರೆಟ್ ಒಯ್ಯತೊಡಗಿದ ಮೇಲೆ ನನಗೆ ಬೆಳಗಿನ ಕಾಫಿ ರುಚಿಸದಾಯಿತು. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ಹೊಲವೂ ಪಕ್ಕಪಕ್ಕದಲ್ಲೇ. ನಾನು ಬಾಡಿಗೆ ಪಿಕಪ್ಪಿಗೆ ಕಾಯುತ್ತ ಮೂಟೆಯ ಮೇಲೆ ಕೂತಿರುವಾಗ ಅವಳು ಕೈ ಬೀಸಿ ಹೋಗುತ್ತಿದ್ದಳು. ಪ್ರೀತಿಯಿಂದಲೇ ಬೀಸುತ್ತಿದ್ದಳು, ಆದರೂ ನನ್ನ ಮೈ ಉರಿಯುತ್ತಿತ್ತು.

ನಮ್ಮ ಕಾರಿಗೂ ಟ್ರೈಲರ್ ಬೇಕೆಂದು ಹಟ ಹಿಡಿದೆ. ಗಂಡ ಕಾರಿನ ಜೊತೆ ಬಂದಿದ್ದ ಪುಸ್ತಕ ತಂದು ಮುಂದಿಟ್ಟರು.

"ಎಳೆಯೋದೇನೋ ಎಳೀತದೆ. ಇಳಿಜಾರಲ್ಲಿ ನಿಲ್ಲಿಸಬೇಕಲ್ಲ, ಅದನ್ನ ನೋಡು."

ತನ್ನದೇ ಬ್ರೇಕಿಲ್ಲದ ಟ್ರೈಲರಿಗೆ ಅದರಲ್ಲಿ ಕೊಟ್ಟಿದ್ದ ತೂಕದ ಮಿತಿ ತೀರಾ ಚಿಕ್ಕದು. ಖಾಲಿ ಟ್ರೈಲರಿನ ತೂಕವನ್ನೂ ಅದರಲ್ಲೇ ಕಳೆಯಬೇಕು. ಕಾರು, ಟ್ರೈಲರ್ ಎರಡೂ ಸೇರಿದ ತೂಕಕ್ಕೆ ಇನ್ನೊಂದು ಮಿತಿ. ಒಳಗೆ ಕೂತವರೂ ಅದರಲ್ಲಿ ಸೇರುತ್ತಾರೆ. ಎಲ್ಲ ಕಳೆದ ಮೇಲೆ ನಮಗೆ ಉಳಿದದ್ದು ನಾಲ್ಕೈದು ಮೂಟೆ.

ಸುಮ್ಮನಿರಲಾಗಲಿಲ್ಲ. ಅವಳ ಜೀಪಿನ ಮಿತಿಯನ್ನು ಫೋನಿನಲ್ಲಿ ಹುಡುಕಿದೆ. ಅವಳು ಎಷ್ಟು ಮೂಟೆ ಹೇರುತ್ತಾಳೆಂದು ಹುಡುಕಬೇಕಿರಲಿಲ್ಲ, ದಿನವೂ ಎಣಿಸುತ್ತಿದ್ದೆನಲ್ಲ. ಅವಳ ಟ್ರೈಲರಿಗೂ ಬ್ರೇಕಿಲ್ಲ. ಹೊರೆ ಮಿತಿಗಿಂತ ಹೆಚ್ಚುಕಡಿಮೆ ಇಮ್ಮಡಿ ಇತ್ತು. ಮೊದಲು ನನಗಾದದ್ದು ಸಂತೋಷ. ಆಮೇಲೆ, ಅವಳ ಪಕ್ಕದಲ್ಲಿ ಕೂತು ಮಂಡಿಗೆ ಹೋಗುವ ನಮ್ಮ ಅತ್ತೆ ಕಣ್ಣ ಮುಂದೆ ಬಂದರು.

ಮರುದಿನ ಹೋದಾಗ ಅವಳು ಮೂಟೆಗಳಿಗೆ ಹಗ್ಗ ಬಿಗಿಯುತ್ತಿದ್ದಳು.

"ಅಕ್ಕಾ, ಈ ಬಂಡಿಗೆ ಇದು ಜಾಸ್ತಿ. ಅರ್ಧ ಇಳಿಸು."

"ಇಷ್ಟು ದಿನ ಎಳೀಲಿಲ್ವಾ?"

"ಇಳಿಯುವಾಗ ಹಿಂದಿಂದ ನೂಕ್ತದೆ ಅಕ್ಕಾ. ಲೆಕ್ಕ ಹಾಕಿ ನೋಡಿದೀನಿ."

ಅವಳು ನನ್ನ ಮುಖ ನೋಡಿದಳು. "ನಿನಗೆ ಹೊಟ್ಟೆಕಿಚ್ಚು."

"ಹೌದು. ಹೊಟ್ಟೆಕಿಚ್ಚೂ ಇದೆ, ಲೆಕ್ಕವೂ ಸರಿ ಇದೆ."

ಜೀಪಿನಲ್ಲಿ ಕೂತಿದ್ದ ಅತ್ತೆ ನಮ್ಮಿಬ್ಬರನ್ನೂ ನೋಡಿ, "ನಾ ಬಸ್ಸಲ್ಲಿ ಬರ್ತೀನಿ" ಎಂದು ಮೆಲ್ಲನೆ ಇಳಿದರು. ಓರಗಿತ್ತಿ ಒಂದು ಮೂಟೆಯನ್ನೂ ಇಳಿಸದೆ ಬಾಗಿಲು ಎಳೆದುಕೊಂಡು ಹೊರಟಳು.

ಜಿನುಗು ಮಳೆ ಬಿದ್ದಿತ್ತು. ಊರ ಕೆಳಗಿನ ತಿರುವಿನಲ್ಲಿ ಅವಳು ಬ್ರೇಕ್ ಒತ್ತಿದಾಗ ಟ್ರೈಲರ್ ಜೀಪನ್ನು ಅಡ್ಡಕ್ಕೆ ತಳ್ಳಿ ಮಗುಚಿಬಿತ್ತು. ಜೀಪು ಟೀ ಗಿಡಗಳಿಗೆ ಒರಗಿ ನಿಂತಿತು. ನಾನು ಓಡಿ ತಲುಪಿದಾಗ ಅವಳು ರಸ್ತೆಯಲ್ಲಿ ನಿಂತಿದ್ದಳು. ಪೆಟ್ಟಾಗಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಆಮೇಲೆ ಇಬ್ಬರೂ ಕೂತು ರಸ್ತೆಗೆ ಚೆಲ್ಲಿದ್ದ ಕ್ಯಾರೆಟ್ ಆಯ್ದೆವು.

ಆಯುತ್ತಲೇ ಅವಳು ತಲೆ ಎತ್ತದೆ ಕೇಳಿದಳು: "ಎಷ್ಟು ಮೂಟೆ ಹಾಕಬಹುದು?"

ಹೇಳಿದೆ.

ಈಗ ಅವಳು ಟ್ರೈಲರಿಗೆ ಬ್ರೇಕ್ ಹಾಕಿಸಿದ್ದಾಳೆ. ಆದರೂ ಅರ್ಧ ಹೊರೆಯನ್ನೇ ಹೇರಿಕೊಂಡು ದಿನಕ್ಕೆರಡು ಸಲ ಹೋಗಿಬರುತ್ತಾಳೆ. ಎಂಥ ಜಾಣೆ, ಎಷ್ಟು ಹುಷಾರು ಎಂದು ಹಟ್ಟಿಯವರೆಲ್ಲ ಹೊಗಳುತ್ತಾರೆ. ಆ ಲೆಕ್ಕ ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಇನ್ನೂ ಹೇಳಿಲ್ಲ.