ತಿರುಚಿಕೊಂಡ ಟೋಪಿ

ಬಳ್ಳಾರಿ ಬಿಸಿಲಲ್ಲಿ ಉಣ್ಣೆ ಟೋಪಿ ಯಾರಿಗೆ ಬೇಕು ಅಂತ ನೀವು ನಗಬಹುದು. ನಮ್ಮ ಸಿರುಗುಪ್ಪದ ಅಂಗಡಿಯವನೂ ಇಲ್ಲವೆಂದು ನಕ್ಕ. ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಕೂಸಿನ ಮೈ ತಣ್ಣಗಾಗಬಾರದು, ಟೋಪಿ ತನ್ನಿ ಅಂದಿದ್ದರು ಬಳ್ಳಾರಿಯ ಆಸ್ಪತ್ರೆಯವರು. ಹುಟ್ಟುವ ಮುಂಚೆ ಕೂಸಿಗೆ ಏನೂ ಹೊಲಿಯಬಾರದು ಅನ್ನುವ ಮನೆ ನಮ್ಮದು. ಒಂದು ಕುಲಾಯಿಯೂ ಇರಲಿಲ್ಲ.

ಪಕ್ಕದ ಮನೆಯವರಿಂದ ಉಣ್ಣೆ, ದುಂಡು ಸೂಜಿ ಇಸಗೊಂಡು, ಮೊಬೈಲಿನ ವಿಡಿಯೋ ನೋಡುತ್ತ ಬಳ್ಳಾರಿ ಬಸ್ಸಿನಲ್ಲೇ ಹೆಣಿಗೆ ಕಲಿಯಲು ಕೂತೆ. ದುಂಡು ಸೂಜಿ ಅಂದರೆ ಎರಡು ಕಡ್ಡಿ, ನಡುವೆ ಒಂದು ವೈರು. ಅದರ ಮೇಲೆ ಕುಣಿಕೆಗಳನ್ನು ಹಾಕಿ ಎರಡೂ ತುದಿ ಕೂಡಿಸಿದರೆ ಸುತ್ತುಸುತ್ತಾಗಿ ಹೆಣೆಯುತ್ತ ಹೋಗಬಹುದು. ನಾನು ಕೂಡಿಸುವ ಹೊತ್ತಿಗೇ ಬಸ್ಸು ಗುಂಡಿಗೆ ಇಳಿಯಿತು.

ಅರ್ಧ ದಾರಿ ಹೆಣೆದ ಮೇಲೆ ನೋಡಿದರೆ ಟೋಪಿ ಜಿಲೇಬಿಯ ಹಾಗೆ ಹೊರಳಿಕೊಂಡಿದೆ. ಮೊದಲ ಸುತ್ತು ತಿರುಚಿಕೊಂಡಿದ್ದರೆ ಎಲ್ಲ ಬಿಚ್ಚುವುದೊಂದೇ ದಾರಿ ಅಂತ ವಿಡಿಯೋ ಕೊನೆಯಲ್ಲಿ ಹೇಳಿತು.

"ಕತ್ತರಿಸಿ ಹೊಲಿದ್ರ ಆಗಂಗಿಲ್ಲೇನ್ರಿ?" ಪಕ್ಕದಲ್ಲಿದ್ದ ಹಚ್ಚೊಳ್ಳಿಯ ಹೆಂಗಸು ಕೇಳಿದಳು.

"ಆಗಂಗಿಲ್ಲಬೇ."

"ಹಂಗಾರ ಬಿಚ್ಚರಿ. ನಾ ಸುತ್ತತೀನಿ."

ನಾನು ಎಳೆದೆ, ಅವಳು ಸುತ್ತಿದಳು. ಬಳ್ಳಾರಿ ಬರುವ ಹೊತ್ತಿಗೆ ಟೋಪಿ ಹೋಗಿ ಉಣ್ಣೆಯ ಉಂಡೆ ಉಳಿದಿತ್ತು.

ಆಸ್ಪತ್ರೆಯಲ್ಲಿ ತಂಗಿ ಟೋಪಿಗೆ ಕೈ ಚಾಚಿದಳು. ಉಂಡೆ ಕೊಟ್ಟೆ. ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸನ್ನೂ ಉಂಡೆಯನ್ನೂ ನೋಡಿ, "ಅಕ್ಕಾ, ಈ ಉಂಡಿ ಅದರ ತಲಿಗಿಂತ ದೊಡ್ಡದೈತಿ" ಅಂದಳು.

ತಿರುಚಿಕೊಳ್ಳದೇ ಇದ್ದಿದ್ದರೂ ನನ್ನ ಟೋಪಿ ಅದರ ಹೆಗಲಿಗೇ ಬಂದು ಇಳಿಯುತ್ತಿತ್ತು ಬಿಡಿ.