ಶಿರವಲಿಯ ಗಲ್ಲಿಗೆ ಒಂದು ಬಾಗಿಲು

ನಾವು ಮುಂಬಯಿಯ ವಡಾಲದ ಚಾಳಿನಲ್ಲಿದ್ದ ಬಾಡಿಗೆಯ ಒಂಟಿಕೋಣೆ, ನಮ್ಮ ಖೋಲಿ, ಬಿಟ್ಟದ್ದು ಮಾರ್ಗಶಿರದ ಒಂದು ಮುಂಜಾನೆ. ಅದು ಸೋಮವಾರವೆಂದು ನನ್ನ ನೆನಪು, ಮಂಗಳವಾರವೆಂದು ಸುಭದ್ರೆಯ ವಾದ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವನಿಗೆ ತನ್ನ ನೆನಪನ್ನೇ ಸಾಕ್ಷಿಯಾಗಿ ನಿಲ್ಲಿಸುವ ಧೈರ್ಯ ಬರುವುದಿಲ್ಲ. ಆದ್ದರಿಂದ ಇದನ್ನು ಬರೆಯುವಾಗ ಅವಳನ್ನು ಕೇಳಿಕೊಂಡೇ ಬರೆದಿದ್ದೇನೆ. ಇಬ್ಬರ ನೆನಪು ಕೂಡದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಸುಭದ್ರೆ ನನ್ನ ಹೆಂಡತಿ. ನಮ್ಮಿಬ್ಬರದೂ ವಿಜಾಪುರದ ಕಡೆಯ ಮನೆತನ. ಮುಂಬಯಿಯಲ್ಲಿ ಡಾಕ್ಟರಿಕೆ ಕಲಿತು, ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲವು ವರ್ಷ ಬೇರೆಯವರ ಕೈಕೆಳಗೆ ದುಡಿದ ಮೇಲೆ, ಕಲ್ಯಾಣದಾಚೆ ಇಪ್ಪತ್ತು ಮೈಲಿಯ ಶಿರವಲಿ ಎಂಬ ಸಣ್ಣ ಊರಿನ ಹೆರಿಗೆಮನೆಗೆ ಅವಳು ಮುಖ್ಯ ಡಾಕ್ಟರಾಗಿ ನೇಮಕವಾಗಿದ್ದಳು. ಮುಖ್ಯ ಡಾಕ್ಟರೆಂದರೆ ಅಲ್ಲಿಗೆ ಅವಳೊಬ್ಬಳೇ ಡಾಕ್ಟರು. ಮುಂಬಯಿಗೆ ಬಂದಾಗಿನಿಂದ ನಾಲ್ಕು ನೌಕರಿ ಬಿಟ್ಟ ನಾನು ಐದನೆಯದನ್ನೂ ಬಿಟ್ಟು ಅವಳೊಡನೆ ಹೊರಟಿದ್ದೆ. ಹಿಂದಿನ ನಾಲ್ಕನ್ನು ಬಿಟ್ಟದ್ದು ಬೇಸರದಿಂದ. ಇದೊಂದನ್ನು ಬಿಡುವಾಗ ಮಾತ್ರ ಪ್ರಿನ್ಸಿಪಾಲರ ಮುಂದೆ ಕಾರಣವನ್ನು ಗಟ್ಟಿಯಾಗಿ ಹೇಳಿ ಬಂದಿದ್ದೆ.

ನೌಕರಿ ಬಿಟ್ಟದ್ದನ್ನು ಚಾಳಿನವರು ಕ್ಷಮಿಸಿದರು, ಖೋಲಿ ಬಿಟ್ಟದ್ದನ್ನು ಕ್ಷಮಿಸಲಿಲ್ಲ. ಮುಂಬಯಿಯಲ್ಲಿ ಒಮ್ಮೆ ಕೈಬಿಟ್ಟ ಖೋಲಿ ಮತ್ತೆ ಬೇಕೆಂದರೆ ಮನೆಮಾಲೀಕನಿಗೆ ಕೈತುಂಬ ಪಗಡಿಯ ಹಣ ಎಣಿಸಬೇಕು, ಅಷ್ಟು ನಮ್ಮ ಹತ್ತಿರ ಯಾವ ಕಾಲಕ್ಕೂ ಇರಲಿಲ್ಲ. ಚಾಳಿನ ಕೆಳಗೆ ಸಣ್ಣ ಹೋಟೆಲು ನಡೆಸುವ ವಾಸು ಭಟ್ಟರು ಬಿಸಿ ಇಡ್ಲಿಯ ಪೊಟ್ಟಣ ಹಿಡಿದು ಘೋಡಾಗಾಡಿಯ ತನಕ ಬಂದರು.

"ಎಂಥ ಮಾಡಿದಿರಿ ಮಾರಾಯ್ರೆ! ಬೀಗ ಹಾಕಿಕೊಂಡು ಹೋಗ್ಲಿಕ್ಕೆ ಆಗ್ತಿರಲಿಲ್ವಾ?"

"ಬೀಗ ಹಾಕಿದ ಖೋಲಿಗೆ ಬಾಡಿಗೆ ಕಟ್ಟೋರು ಯಾರ್ರಿ ಭಟ್ರ?" ಎಂದೆ.

"ಅದಕ್ಕೇ ನೀವು ಇಲ್ಲಿರಿ ಅಂತ ನಾನು ಹೇಳೂದು. ಡಾಕ್ಟರಮ್ಮ ಅಲ್ಲಿ, ನೀವು ಇಲ್ಲಿ. ನನ್ನನ್ನು ನೋಡಿ, ಹೆಂಡತಿ ಕುಂದಾಪುರದಲ್ಲಿ, ನಾನು ವಡಾಲದಲ್ಲಿ. ಇಷ್ಟು ವರ್ಷದಲ್ಲಿ ಒಂದು ದಿನ ಜಗಳ ಉಂಟಾ?"

"ಜಗಳಾಡೂದಕ್ಕರ ಇಬ್ಬರೂ ಒಂದೇ ಊರಾಗ ಇರಬೇಕಲ್ಲರಿ," ಎಂದಳು ಸುಭದ್ರೆ, ಗಾಡಿಯೊಳಗಿಂದ. ಭಟ್ಟರು ನಕ್ಕರು. ಆದರೆ ಗಾಡಿ ಹೊರಟಾಗ ಅವರು ನಮ್ಮ ಕಡೆ ನೋಡಲಿಲ್ಲ. ಎರಡನೆಯ ಮಾಳಿಗೆಯ ನಮ್ಮ ಕಿಟಕಿಯ ಕಡೆ ನೋಡುತ್ತಿದ್ದರು.

ದಾದರಿನಿಂದ ಕಲ್ಯಾಣಕ್ಕೆ ಲೋಕಲಿನಲ್ಲಿ ಇಪ್ಪತ್ತೆಂಟು ಮೈಲು. ಮೂರನೆಯ ವರ್ಗದ ಟಿಕೇಟು ಹತ್ತಾಣೆಯ ಆಸುಪಾಸು ಇರಬೇಕು, ಖಚಿತವಿಲ್ಲ. ಅವಳು ಹೆಂಗಸರ ಡಬ್ಬಿಯಲ್ಲಿ ಕೂತಳು, ನಾನು ಎರಡು ಟ್ರಂಕು, ಹಾಸಿಗೆಯ ಸುರುಳಿ, ಪ್ರೈಮಸ್ ಸ್ಟವ್ ಮತ್ತು ಬುಕ್ಕಿನ ಗೋಣಿಚೀಲದ ಜೊತೆ ಗಂಡಸರ ಡಬ್ಬಿಯ ಬಾಗಿಲಲ್ಲಿ ನಿಂತೆ. ಗಿರಣಿಗಳ ಚಿಮಣಿಗಳು ಹಿಂದೆ ಬಿದ್ದವು. ಠಾಣೆ ದಾಟಿದ ಮೇಲೆ ಗಾಡಿ ಸುರಂಗ ಹೊಕ್ಕು ಹೊರಬಂದಾಗ ಗಾಳಿಯೇ ಬೇರೆಯಾಗಿತ್ತು. ಕೊಯ್ದ ಭತ್ತದ ವಾಸನೆ ಬರುತ್ತಿತ್ತು, ದೂರದಲ್ಲಿ ಗುಡ್ಡದ ಸಾಲು ನೀಲಿಯಾಗಿ ಕಾಣುತ್ತಿತ್ತು. ಇಷ್ಟು ಹತ್ತಿರ ಇಂಥ ಬಯಲಿದ್ದರೂ ನಾನು ಒಮ್ಮೆಯೂ ಈ ಕಡೆ ಬಂದಿರಲಿಲ್ಲ.

ಕಲ್ಯಾಣದಲ್ಲಿ ಇಳಿದು ಎಸ್.ಟಿ. ಬಸ್ಸಿನ ನಿಲ್ದಾಣದ ಕಡೆ ಸಾಮಾನು ಹೊರಿಸುತ್ತಿದ್ದಾಗ ಒಬ್ಬ ಪೋಲೀಸಿನವನು ತಡೆದ. ನಮ್ಮ ಮುಂಬಯಿ ರಾಜ್ಯದಲ್ಲಿ ಪಾನನಿರೋಧವಿದೆಯಲ್ಲ, ಸುಭದ್ರೆಯ ಔಷಧವಿದ್ದ ಚಿಕ್ಕ ಟ್ರಂಕಿನಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಬಾಟಲಿಯ ಬಿರಡೆ ಲೋಕಲಿನ ಕುಲುಕಾಟಕ್ಕೆ ಸಡಿಲಾಗಿರಬೇಕು. ಅವನು ನನ್ನತ್ತ ನೋಡಿ ಮೂಗು ಅರಳಿಸಿದ.

"ಸಾಹೇಬ, ಟ್ರಂಕಿನಲ್ಲಿ ಏನಿದೆ?" ಎಂದು ಮರಾಠಿಯಲ್ಲಿ ಕೇಳಿದ.

ನಾನು ಪರವಾನಗಿ, ಔಷಧ, ಕಾನೂನು ಎಂದು ಉದ್ದಕ್ಕೆ ಆರಂಭಿಸಿದೆ. ಸುಭದ್ರೆ ಹಿಂದಿನಿಂದ ಬಂದು ಮರಾಠಿಯಲ್ಲೇ ಹೇಳಿದಳು: "ಬಾಣಂತಿತನದ ಸಾಮಾನು ಇದೆ ಅಣ್ಣಾ. ತೆಗೆದು ನೋಡಬೇಕೆ?"

ಕೊಂಡಿಯ ಮೇಲಿದ್ದ ಕೈಯನ್ನು ಅವನು ಬಿಸಿ ತಾಗಿದವನಂತೆ ಹಿಂದೆಳೆದುಕೊಂಡ. "ಬೇಡ ಬಾಯಿಸಾಹೇಬ, ಬೇಡ. ಹೋಗಿರಿ," ಎಂದು ಎರಡು ಹೆಜ್ಜೆ ದೂರ ಸರಿದೂ ಬಿಟ್ಟ. ಬಸ್ಸು ಹತ್ತುವತನಕ ನಾನು ನಗುತ್ತಿದ್ದೆ. ಹೆರಿಗೆಯ ಮಾತು ಬಂದರೆ ಗಂಡಸು ಹೀಗೆ ಹಿಂದೆ ಸರಿಯುವುದು ಈ ಸೀಮೆಯ ರೂಢಿ. ಅಂದೇ ಮಧ್ಯಾಹ್ನ ನಾನೂ ಹಾಗೆ ಸರಿದು ನಿಲ್ಲಬೇಕಾದೀತೆಂದು ನನಗೇನು ಗೊತ್ತು!

ಬಸ್ಸು ಕೆಂಪು ಬಣ್ಣದ್ದಾಗಿತ್ತು. ನೀಲಿ ಎನ್ನುತ್ತಾಳೆ ಸುಭದ್ರೆ. ಯಾವ ಬಣ್ಣವಾದರೂ ಅದರ ಮೇಲೆ ಮಣ್ಣುರಸ್ತೆಯ ಧೂಳು ಕವಿದಿತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಾವು ಇಡ್ಲಿಯನ್ನು ಶೇಂಗಾ ಚಟ್ನಿಪುಡಿಯೊಡನೆ ತಿಂದೆವು. ಹಾದಿಯುದ್ದಕ್ಕೂ ಕಣಗಳಲ್ಲಿ ಭತ್ತದ ಬಣವೆಗಳಿದ್ದವು. ಹಿಂದಿನ ಸೀಟಿನ ರೈತನೊಬ್ಬ ಇವಳು ಡಾಕ್ಟರೆಂದು ತಿಳಿದೊಡನೆ ತನ್ನ ಮೊಣಕಾಲು ತೋರಿಸಿದ. "ನಾನು ಹೆಂಗಸರ ಡಾಕ್ಟರು ದಾದಾ," ಎಂದರೆ, "ಮೊಣಕಾಲಿಗೆ ಅದೇನು ಗೊತ್ತಾಗುತ್ತದೆ?" ಎಂದ. ಅವಳು ನೋಡಿ, ಒತ್ತಿ, ಎರಡು ಮಾತು ಹೇಳಿದಳು. ಇಡೀ ಬಸ್ಸು ಕತ್ತು ಚಾಚಿ ಕೇಳಿತು. ನಾನು ಕಿಟಕಿಯಾಚೆ ನೋಡುವವನಂತೆ ಕೂತಿದ್ದರೂ ಎದೆಯುಬ್ಬಿದ್ದನ್ನು ಅಡಗಿಸಲು ಆಗಲಿಲ್ಲ.

ಶಿರವಲಿ ಎಂದರೆ ಒಂದು ಪೇಟೆಬೀದಿ, ಒಂದು ಅಕ್ಕಿಗಿರಣಿ, ಒಂದು ಮಾರುತಿಯ ಗುಡಿ. ಊರ ತುದಿಯಲ್ಲಿ ಎತ್ತರದ ಕಲ್ಲುಗೋಡೆಯ ಆವರಣ, ಅದರೊಳಗೆ ಹಂಚಿನ ಹೆರಿಗೆಮನೆ. ಗೇಟಿನಲ್ಲಿ ಸಮಿತಿಯ ಕಾರ್ಯದರ್ಶಿಗಳಾದ ಜೋಶಿಯವರು ಹಾರ ಹಿಡಿದು ನಿಂತಿದ್ದರು. ಹಾರವನ್ನು ಅವಳ ಕೈಗೆ ಕೊಟ್ಟು, ನನ್ನತ್ತ ತಿರುಗಿ ಬಹಳ ಸೌಜನ್ಯದಿಂದ ಕೇಳಿದರು:

"ಸಾಹೇಬರು ಸಂಜೆಯ ಬಸ್ಸಿಗೆ ಹೊರಡುವುದೋ, ನಾಳೆ ಮುಂಜಾನೆಯೋ?"

"ಎಲ್ಲಿಗೆ?" ಎಂದೆ.

"ಎಲ್ಲಿಗೆಂದರೆ? ಮುಂಬಯಿಗೆ. ನಿಮ್ಮ ಖೋಲಿಗೆ."

ತಪ್ಪು ಅವರದೆಂದು ಹೇಳಲಾರೆ. ಆ ಊರಿನ ಅರ್ಧ ಮನೆಗಳ ಗಂಡಸರು ಮುಂಬಯಿಯ ಗಿರಣಿಗಳಲ್ಲಿದ್ದರು, ಹೆಂಗಸರು ಊರಿನಲ್ಲಿದ್ದರು. ಮುಂಬಯಿಯಲ್ಲಿ ಗಂಡನಿರುವ ಹೆಂಗಸು ಎಂದರೆ ಊರಲ್ಲಿ ಒಬ್ಬಳೇ ಇರುವವಳು ಎಂದೇ ಲೆಕ್ಕ. ಹಾಗೆಂದೇ ಸಮಿತಿ ಯಾರನ್ನೂ ಕೇಳದೆ, ಆವರಣದ ಒಳಗೇ ಇದ್ದ ಎರಡು ಕೋಣೆಯ ಮನೆಯಲ್ಲಿ ಒಂದು ಮಂಚ ಹಾಕಿಸಿತ್ತು. ಆವರಣಕ್ಕೋ ಒಂದು ಕಟ್ಟಳೆ ಇತ್ತು: ದೀಪ ಹಚ್ಚಿದ ಮೇಲೆ ಯಾವ ಗಂಡಸೂ ಗೇಟಿನೊಳಗೆ ಇರಕೂಡದು. ಬಾಣಂತಿಯ ಗಂಡನಾದರೂ ಸರಿ, ಜೋಶಿಯವರಾದರೂ ಸರಿ.

ಕಟ್ಟಳೆ ಮಾಡಿದವರು ಹೆರಿಗೆಮನೆಯನ್ನು ಕಟ್ಟಿಸಿದ ಅಕ್ಕಿ ವ್ಯಾಪಾರಿಯ ಹೆಂಡತಿ. ವ್ಯಾಪಾರಿ ತೀರಿಕೊಂಡಿದ್ದರು. ಎಪ್ಪತ್ತು ದಾಟಿದ ಈಕೆಯನ್ನು ಊರೆಲ್ಲ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಸುದ್ದಿ ಹೋದೊಡನೆ ಬೆನ್ನು ನೆಟ್ಟಗಿಟ್ಟುಕೊಂಡು ನಡೆದೇ ಬಂದರು. ಸುಭದ್ರೆ ಒಳಗಿದ್ದಳು, ತೀರ್ಮಾನವಾಗುವತನಕ ನಾನು ಗೇಟಿನ ಹೊರಗೆ, ಸಾಮಾನು ತಂದ ಎತ್ತಿನ ಗಾಡಿಯ ಪಕ್ಕದಲ್ಲಿ ನಿಂತಿದ್ದೆ.

"ಬಾಯಿ," ಎಂದರು ಕಾಕೂ ಸುಭದ್ರೆಗೆ, "ಈ ಸೀಮೆಯ ಹೆಂಗಸರು ಮೊದಲು ಆಸ್ಪತ್ರೆಗೆ ಬರುತ್ತಿರಲಿಲ್ಲ. ಹೊಲದಲ್ಲಿ ಹೆತ್ತು ಸತ್ತರೂ ಸರಿ, ಗಂಡಸಿನ ನೆರಳು ಬೀಳುವ ಕಡೆ ಮಲಗುವುದಿಲ್ಲ ಎನ್ನುತ್ತಿದ್ದರು. ಒಳಗೆ ಗಂಡಸಿಲ್ಲ ಎಂದು ನಾನು ಮನೆಮನೆಗೆ ಹೋಗಿ ಆಣೆಯಿಟ್ಟು ಕರೆತಂದೆ. ನಿನ್ನ ಗಂಡ ಒಳ್ಳೆಯವನೇ ಇರಬಹುದು. ಒಬ್ಬ ಗಂಡಸು ಒಳಗೆ ಮಲಗುತ್ತಾನೆಂದು ಗೊತ್ತಾದರೆ ಮಂಚಗಳೆಲ್ಲ ಖಾಲಿ."

ನಾನು ಹತ್ತು ಖಂಡನೆಗಳನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಸುಭದ್ರೆ ಒಂದನ್ನೂ ಆಡಲಿಲ್ಲ. "ನೀವು ಹೇಳುವುದು ಖರೆ," ಎಂದಳು.

"ಆದರೆ ಇವರು ಇಲ್ಲಿ ಇರದಿದ್ದರೆ ನಾನೂ ಇರುವುದಿಲ್ಲ. ಅದೂ ಖರೆ," ಎಂದು ಸೇರಿಸಿದಳು.

ಜೋಶಿಯವರು ಗಾಬರಿಯಾದರು. ಊರಲ್ಲಿ ಬೇರೆ ಮನೆ ಹುಡುಕೋಣ ಎಂದರು. ಅದಕ್ಕೂ ಅವಳು ಒಪ್ಪಲಿಲ್ಲ. ಕರೆದೊಡನೆ ಓಡಿಬರಬೇಕಾದವಳು ಪೇಟೆಯ ಆಚೆ ಮಲಗಿದರೆ ಹೇಗೆ? ನಾನು ಗೇಟಿನ ಸರಳುಗಳ ನಡುವೆ ಬಾಯಿಟ್ಟು ನಮ್ಮ ಮಾತಿನಲ್ಲಿ ಪಿಸುಗುಟ್ಟಿದೆ: "ಏ, ಹಟಾ ಮಾಡಬ್ಯಾಡ. ಖೋಲಿ ಬಿಟ್ಟು ಬಂದೇವಿ, ನೆನಪದ ಇಲ್ಲೋ? ಹಿಂದ ಹೋಗಲಿಕ್ಕೆ ಜಾಗಾ ಇಲ್ಲ ನಮಗ."

"ನೆನಪಿನ ತಕರಾರು ನಿಮದು, ನನ್ನದಲ್ಲ," ಎಂದಳು. "ಸುಮ್ಮನ ನಿಂದರ್ರಿ. ನಾ ಮನೀ ನೋಡಿಕೊಂಡ ಬರತೀನಿ."

ಅವಳು ಒಳಗೆ ಹೋಗಿ ಮನೆಯನ್ನು ಸುತ್ತು ಹಾಕಿದಳು, ಗೋಡೆಯನ್ನು ಬೆರಳಿನಿಂದ ಬಡಿದಳು, ರೋಗಿಯ ಎದೆಯನ್ನು ಬಡಿದು ನೋಡುವ ಹಾಗೆ. ಮನೆಯ ಹಿಂಗೋಡೆಯೂ ಆವರಣದ ಗೋಡೆಯೂ ಒಂದೇ ಆಗಿತ್ತು. ಅದರಾಚೆ ಓಣಿಯಂಥ ಒಂದು ಗಲ್ಲಿ, ಗಲ್ಲಿಗೆ ಹತ್ತೆಂಟು ಮನೆ. ತಿರುಗಿ ಬಂದು ಕಾಕೂ ಅವರಿಗೆ ಹೇಳಿದಳು:

"ಹಿಂದಿನ ಕೋಣೆಯ ಗೋಡೆ ಒಡೆಸಿ ಗಲ್ಲಿಗೆ ಒಂದು ಬಾಗಿಲು ಇಡಿಸಿರಿ. ಆ ಕೋಣೆ ಇವರದು. ಮುಂದಿನ ಕೋಣೆ ನನ್ನದು, ಅದರ ಬಾಗಿಲು ಬಾಣಂತಿಯರ ಕಡೆಗೆ. ನಡುವಿನ ಬಾಗಿಲಿಗೆ ಚಿಲಕ ನನ್ನ ಕಡೆ ಇರಲಿ. ಇವರು ನಿಮ್ಮ ಗೇಟಿನೊಳಗೆ ಕಾಲಿಡುವುದಿಲ್ಲ. ಕೆಲಸದ ವೇಳೆ ನನ್ನ ಕೋಣೆಗೂ ಬರುವುದಿಲ್ಲ. ಬಾಗಿಲು ಆದ ಗಳಿಗೆಗೆ ನಾನು ಚಾರ್ಜು ತೆಗೆದುಕೊಳ್ಳುತ್ತೇನೆ, ಅದಕ್ಕೆ ಮುಂಚೆ ಇಲ್ಲ."

ಕಾಕೂ ಗೇಟಿನ ಬಳಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಗಂಡನನ್ನು ಚಿಲಕದಾಚೆ ಇಡುವ ಹೆಂಗಸನ್ನು ಇವತ್ತೇ ನೋಡಿದೆ. ಜಾವಯಬಾಪೂ, ಅಳಿಯಂದಿರೇ, ನೀವು ಏನೆನ್ನುತ್ತೀರಿ? ಇಡೀ ಊರು ನೋಡುತ್ತಿರುವಾಗ ನಿತ್ಯ ಹಿಂದಿನ ಗಲ್ಲಿಯಿಂದ ಮನೆ ಹೊಗುತ್ತೀರಾ? ಹೆಂಡತಿ ಚಿಲಕ ತೆಗೆಯುವತನಕ ಕಾಯುತ್ತೀರಾ? ನಾಲ್ಕು ದಿನಕ್ಕೆ ಮೀಸೆ ಕುಣಿಯತೊಡಗಿದರೆ ನನ್ನ ಗೋಡೆ ಹಾಳು."

ಅಷ್ಟು ಹೊತ್ತಿಗೆ ಗೇಟಿನ ಮುಂದೆ ಮೂವತ್ತು ಜನ ಸೇರಿದ್ದರು. ಸುಭದ್ರೆ ನನ್ನ ಕಡೆ ನೋಡಲಿಲ್ಲ, ಸೆರಗನ್ನು ಸರಿಪಡಿಸಿಕೊಳ್ಳುತ್ತಿದ್ದಳು. ಅವಳಿಗೆ ಹೆದರಿಕೆಯಾದಾಗ ಮಾಡುವ ಕೆಲಸ ಅದು. ಐದು ನೌಕರಿ ಬಿಟ್ಟ ಮನುಷ್ಯ ಇಲ್ಲಿ ನಿಂತಾನೆಯೇ ಎಂದು ಅವಳಿಗೂ ಅನುಮಾನವಿದ್ದಿರಬೇಕು.

"ಕಾಯುತ್ತೇನೆ ಕಾಕೂ," ಎಂದೆ. ದನಿ ದೊಡ್ಡದಾಗಿಯೇ ಬಂತು. "ಇವಳು ಓದುವಾಗ ಆಸ್ಪತ್ರೆಯ ಗೇಟಿನಲ್ಲಿ ಕಾದಿದ್ದೇನೆ. ಕಾಯುವುದು ನನಗೆ ಬರುತ್ತದೆ."

ಜನರಲ್ಲಿ ಯಾರೋ ನಕ್ಕರು. ಕಾಕೂ ನಗಲಿಲ್ಲ. "ಗವಂಡಿಯನ್ನು ಕರೆಯಿರಿ," ಎಂದರು ಜೋಶಿಯವರಿಗೆ.

ಆ ರಾತ್ರಿ ಅವಳು ಕಾಕೂ ಅವರ ಮನೆಯಲ್ಲಿ, ನಾನು ಜೋಶಿಯವರ ಜಗಲಿಯಲ್ಲಿ ಮಲಗಿದೆವು. ಮುಂಜಾನೆ ಗವಂಡಿ ಬಂದು ಗಲ್ಲಿಯ ಕಡೆಯಿಂದ ಹಾರೆ ಹಾಕಿದ. ಗೋಡೆ ಎರಡು ಮೊಳ ದಪ್ಪ, ಸುಣ್ಣದ ಗಾರೆ ಕಲ್ಲಿಗಿಂತ ಗಟ್ಟಿ. ಕಾಕೂ ಒಂದು ಕುರ್ಚಿ ತರಿಸಿ ಗಲ್ಲಿಯಲ್ಲೇ ಕೂತು, "ಎಡಕ್ಕೆ ಹೋಗಬೇಡ, ಬಲಕ್ಕೆ ಹೋಗಬೇಡ" ಎಂದು ಅವನ ತಲೆ ತಿನ್ನುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಕಂಡಿಯಾಗಿ, ಮೇಲೆ ಸಾಗವಾನಿಯ ತೊಲೆ ಕೂತಿತು. ಕದ ಇನ್ನೂ ಬಡಗಿಯ ಮನೆಯಲ್ಲಿತ್ತು.

ಸುಭದ್ರೆ ಒಳಗಿನಿಂದ ಆ ಕಂಡಿಯಲ್ಲಿ ತಲೆ ಹಾಕಿದಳು. ಕೂದಲ ಮೇಲೆಲ್ಲ ಸುಣ್ಣದ ಪುಡಿ. "ಬರ್ರಿ ಒಳಗ. ತಲೀ ಸಂಭಾಳಿಸ್ರಿ," ಎಂದಳು. ನಾನು ದೊಡ್ಡ ಟ್ರಂಕು ಎಳೆದುಕೊಂಡು ಬಗ್ಗಿ ಒಳಗೆ ಬಂದೆ. ಇಬ್ಬರೂ ಆ ಕೋಣೆಯಲ್ಲಿ ನೆಟ್ಟಗೆ ನಿಲ್ಲುವಷ್ಟರಲ್ಲೇ ವಾರ್ಡಿನ ದಾಯಿ ಆಚೆಯ ಬಾಗಿಲು ಬಡಿದಳು. ಯಾವುದೋ ಹಳ್ಳಿಯಿಂದ ಗಾಡಿಯಲ್ಲಿ ಒಬ್ಬಳನ್ನು ತಂದಿದ್ದರು.

"ಚಾರ್ಜು ಆತಲ್ಲರಿ," ಎಂದು ಸುಭದ್ರೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಮುಂದಿನ ಕೋಣೆಗೆ ಹೋದಳು. ಅವಳ ಕಡೆಯಿಂದ ಚಿಲಕ ಬಿದ್ದ ಸದ್ದು ಕೇಳಿತು, ಆಮೇಲೆ ಅಂಗಳದಲ್ಲಿ ಅವಳ ಬೇಗ ಬೇಗನೆಯ ಹೆಜ್ಜೆ.

ನಾನು ಪ್ರೈಮಸ್ಸಿಗೆ ಗಾಳಿ ಹೊಡೆದು ಹೊತ್ತಿಸಿದೆ. ಅವಳು ಎಷ್ಟು ಹೊತ್ತಿಗೆ ಬಂದರೂ ಹಸಿದೇ ಬರುತ್ತಾಳೆ. ಕದವಿಲ್ಲದ ಬಾಗಿಲಿನ ಮುಂದೆ ಗಲ್ಲಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ಮುಂಬಯಿಯ ಸಾಹೇಬ ಅಡಿಗೆ ಮಾಡುವುದನ್ನು ನೋಡಲು ಒಬ್ಬಳು ಸೊಂಟದ ಕೊಡವನ್ನೂ ಕೆಳಗಿಟ್ಟಳು. "ಡಾಕ್ಟರೀಣಬಾಯಿಯ ಯಜಮಾನರಂತೆ," ಎಂದು ಇನ್ನೊಬ್ಬಳಿಗೆ ಹೇಳಿದಳು. ಬುಕ್ಕು ತುಂಬಿ ತಂದಿದ್ದ ಗೋಣಿಚೀಲವನ್ನು ಖಾಲಿ ಮಾಡಿ ಬಾಗಿಲಿಗೆ ಪರದೆಯಂತೆ ಇಳಿಬಿಡಬಹುದೆಂದು ಹೊಳೆಯಿತು. ಖಾಲಿ ಮಾಡಿದೆ. ಆದರೆ ಇಳಿಬಿಡಲಿಲ್ಲ. ಅದನ್ನು ಮಡಚಿ ಬಾಗಿಲಿಗೆದುರಾಗಿ ಹಾಸಿ, ಅದರ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಅಕ್ಕಿ ಆರಿಸತೊಡಗಿದೆ.